ಕಡಾ ತಂದ ಹೆಪ್ಪು

ಆ ಬೆಳಿಗ್ಗೆ ಮಳೆ ಬಂದೇಬಿಟ್ಟಿತು ಎನ್ನುವಂತೆ ಮಾಡಿ ಬಾರದೆ, ಹೈದರಾಬಾದಿನ ಮೇಲೆ ಒದ್ದೆ ಕಂಬಳಿಯಂಥ ಮೋಡ ಮಾತ್ರ ಉಳಿದಿತ್ತು. ಪ್ರಯೋಗಶಾಲೆಯ ಬೀಗ ತೆಗೆದ ನಲಿನಿ ವಾಡಿಕೆಯಂತೆ ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇವತ್ತು ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಹಿಂದಿನ ಸಂಜೆ ಪ್ರೊಫೆಸರ್ ಶ್ರೀನಿವಾಸರಾಯರು ಸಂಶೋಧನಾ ಲೇಖನದ ಮೊದಲ ಪುಟ ಮುಂದಿಟ್ಟಿದ್ದರು. "ಡಿಗ್ರಿ ಹುಡುಗಿ ಹೆಸರ್ಯಾಕವಾ ಇಲ್ಲಿ? ಬಾಟಲಿ ತೊಳದೋರ ಹೆಸರೆಲ್ಲಾ ಹಾಕ್ಕೋತ ಹೋದ್ರ ಕಾಗದಾ ಸಾಲೂದಿಲ್ಲ. ನಿನ್ನ ಪೋಸ್ಟ್‌ಡಾಕ್ ಕೆಲಸಾ ಇನ್ನೊಂದ್ವರ್ಷ ಬೇಕೋ ಬ್ಯಾಡೋ?" ನಲಿನಿ ತನ್ನ ಪೆನ್ನಿನಿಂದಲೇ ಸೂಗಮ್ಮನ ಹೆಸರು ಹೊಡೆದುಹಾಕಿದ್ದಳು.

ಸೂಗಮ್ಮ ಬಿ.ಎಸ್ಸಿ. ಎರಡನೆಯ ವರ್ಷದವಳು. ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು. ಅಂಥ ಹುಡುಗಿಯರನ್ನು ವಿಜ್ಞಾನಕ್ಕೆ ತರುವ ಯೋಜನೆಯಲ್ಲಿ ನಲಿನಿಯ ಕೈಕೆಳಗೆ ಬಂದಿದ್ದಳು. ಲೇಖನದಲ್ಲಿ ಹೆಸರಿದ್ದರೆ ವಿದ್ಯಾರ್ಥಿವೇತನ ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಓದು ಅಲ್ಲಿಗೆ ನಿಂತಂತೆ. ಎಂಟು ತಿಂಗಳು ಬೆಲ್ಲದ ಪಾಕದಂತೆ ಅಂಟಂಟಾಗಿಯೇ ಉಳಿದಿದ್ದ ದ್ರಾವಣಕ್ಕೆ, ನಲಿನಿಯ ಹಳೆಯ ಬಾಟಲಿಯ ಬಾಯಿಗೆ ಅಂಟಿ ಒಣಗಿದ್ದ ಅದೇ ವಸ್ತುವಿನ ಚೂರನ್ನು ಕೆರೆದು ಹಾಕಿದವಳು ಅವಳೇ. "ಅವ್ವ ಹಾಲಿಗೆ ಹೆಪ್ಪು ಹಾಕ್ತಾಳಲ್ರೀ ಅಕ್ಕಾರ, ಹಂಗ." ಮರುದಿನ ತಳದ ತುಂಬ ಸೂಜಿಯಂಥ ಬಿಳಿ ಹರಳುಗಳು ಕಟ್ಟಿದ್ದವು.

ಹತ್ತು ಗಂಟೆಗೆ ಕುಷಾಯಿಗೂಡದ ಬಸ್ಸಿಳಿದು ಸೂಗಮ್ಮ ಓಡುತ್ತಲೇ ಬಂದಳು. ಏಪ್ರನ್ ತೊಡುತ್ತ ನಕ್ಕಳು.

"ಅಕ್ಕಾರ, ನನ್ನ ಹೆಸರು ಅಚ್ಚಾಗತೈತಿ ಅಂತ ಅವ್ವಗ ಹೇಳಿದ್ನಿ. ರೇಷನ್ ಕಾರ್ಡಿನ್ಯಾಗೇನ ಅಂತ ಕೇಳಿದ್ಳು!"

ನಲಿನಿ ನಗಲಿಲ್ಲ. ಪುಟವನ್ನು ಮುಂದೆ ಸರಿಸಿದಳು.

ಹೆಸರಿನ ಮೇಲೆ ಹಸಿರು ಗೆರೆ. ಸೂಗಮ್ಮನ ನೋಟ್‌ಬುಕ್ಕಿನ ಪುಟಪುಟದ ಕೆಳಗೂ ನಲಿನಿ ಅದೇ ಹಸಿರು ಶಾಯಿಯಲ್ಲಿ, 'ನೋಡಿದ್ದೇನೆ' ಎಂದು ಸಹಿ ಹಾಕಿದ್ದಳು.

"ಸರ್ ತಗೀ ಅಂದ್ರವಾ... ನನ್ನ ನೌಕರೀನೂ ಅದರ ಮ್ಯಾಲೇ ಅದ."

"ಪೆನ್ನು ನಿಮ್ದ ಐತ್ರೀ."

ಸೂಗಮ್ಮ ಏಪ್ರನ್ ಬಿಚ್ಚಿ, ಮಡಚಿ, ಸ್ಟೂಲಿನ ಮೇಲಿಟ್ಟಳು. ಬಾಗಿಲತನಕ ಹೋದವಳು ತಿರುಗಿ ಬಂದು, ತನ್ನ ಡ್ರಾಯರಿನಿಂದ ಕಿರುಬೆರಳಿನಷ್ಟು ಗಾಜಿನ ಶೀಶೆಯೊಂದನ್ನು ತೆಗೆದಳು.

"ನಿಮ್ಮ ಬಾಟಲ್ಯಾಗಿಂದು ಕೆರಕೊಂಡಿದ್ನೆಲ್ರೀ. ಹೆಪ್ಪು ಕಡಾ ತಂದ್ರ ತಿರುಗಿ ಕೊಡಬೇಕ್ರಿ, ನಮ್ಮ ಕಡೆ."

ಅದನ್ನು ನಲಿನಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ ಹೊರಟುಹೋದಳು.

ಎಷ್ಟೋ ಹೊತ್ತಿನ ಮೇಲೆ ನಲಿನಿ ಕೈ ಬಿಚ್ಚಿದಳು. ಶೀಶೆಗೆ ಅಂಟಿಸಿದ ಚೀಟಿಯ ಮೇಲೆ ಸೂಗಮ್ಮನ ದುಂಡು ಅಕ್ಷರದಲ್ಲಿ ತಾರೀಖಿತ್ತು, ನಲಿನಿಯ ಹೆಸರಿತ್ತು. ತಳದಲ್ಲಿ ಒಂದು ಚಿಟಿಕೆ ಬಿಳಿ ಹರಳು.