ತಗಡು ಬ್ಯಾಂಡಿನ ನಿಯಮ

"ಮೈಕಿನ ವೈರು, ಅರ್ಥಿಂಗ್ ಎಲ್ಲಾ ನೋಡಿದ್ಯೇನೋ?" ಅಕ್ಕ ಮತ್ತೆ ಕೇಳಿದಳು.

"ನೋಡ್ದೆ ಅಕ್ಕಾ. ಇನ್ನೊಂದ್ಸಲ ಕೇಳಿದ್ರೆ ನಿಂಗೆ ನಾನೇ ಶಾಕ್ ಕೊಡ್ತೀನಿ," ಎಂದು ತಮ್ಮ ನಕ್ಕ.

ಅವಳಿಗೆ ನಗು ಬರಲಿಲ್ಲ. ಡ್ರಮ್ಮಿನ ಹಿಂದೆ ಕುಳಿತು ಕೋಲು ಹಿಡಿದವಳು ನೆಲದ ಮೇಲಿನ ವೈರುಗಳನ್ನೇ ನೋಡುತ್ತಿದ್ದಳು. ಮನೆಯಿಂದ ಹೊರಡುವಾಗ ಅಮ್ಮ ಅವಳೊಬ್ಬಳಿಗೇ ಕೇಳುವಂತೆ, "ಈ ಸಲ ಅವನ ಕಡೆ ನೋಡ್ತಾ ಇರೇ" ಎಂದಿದ್ದಳು. 'ಈ ಸಲ' ಎಂದದ್ದು ಇನ್ನೂ ಚುಚ್ಚುತ್ತಿತ್ತು.

ಮೂವರ ಬ್ಯಾಂಡು ಅದು. ಅಕ್ಕನದು ಡ್ರಮ್ಮು, ತಮ್ಮನದು ಗಿಟಾರು ಮತ್ತು ಗಂಟಲು. ಎಲ್ಲರೂ ಗಡ್ಡ ಎಂದೇ ಕರೆಯುವ ರೇಡಿಯೊ ರಿಪೇರಿಯವನದು ನಾಲ್ಕಾರು ಕೆಟ್ಟ ರೇಡಿಯೊ ಮತ್ತು ಒಂದು ದೊಡ್ಡ ತಗಡು. ಹಳೆಯ ಗ್ಯಾರೇಜಿನಲ್ಲಿ ಶುರುಮಾಡಿದಾಗ ಪಕ್ಕದ ಮನೆಯ ಮುದುಕ, "ತಗಡು ಬಡಿಯೋಕೆ ಬೇರೆ ಜಾಗ ಸಿಗ್ಲಿಲ್ವಾ?" ಎಂದು ಬೈದಿದ್ದ. ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. ರಾಗವಿಲ್ಲ, ಪಲ್ಲವಿಯಿಲ್ಲ, ಇದ್ದದ್ದು ಒಂದೇ ನಿಯಮ: ಏನೇ ಆದರೂ ನಿಲ್ಲಿಸಬಾರದು. ತಂತಿ ಹರಿದರೆ ಹರಿದ ತಂತಿಯ ಸದ್ದೇ ಹಾಡು. ಒಮ್ಮೆ ಡ್ರಮ್ಮು ಒಡೆದಾಗ ಅಕ್ಕ ಕುರ್ಚಿ ಬಡಿದು ಹಾಡು ಮುಗಿಸಿದ್ದಳು. ಕೇಳಲು ಬಂದವರಲ್ಲಿ ಅರ್ಧ ಜನ ಶಪಿಸುತ್ತ ಎದ್ದು ಹೋಗುತ್ತಿದ್ದರು, ಉಳಿದವರು ಬ್ಯಾಂಡಿಗಾಗಿ ಪ್ರಾಣ ಬಿಡುತ್ತಿದ್ದರು.

ಹೋದ ವರ್ಷದ ಒಂದು ಕಾರ್ಯಕ್ರಮದಲ್ಲಿ ತಮ್ಮ ಗಿಟಾರು ಹಿಡಿದೇ ಮೈಕಿಗೆ ತುಟಿ ಹಚ್ಚಿದ. ಎಲ್ಲೋ ವೈರು ಕೆಟ್ಟಿತ್ತು. ಅವನ ಮೈಯೆಲ್ಲ ಅದುರಿ, ಬಾಯಿಂದ ಎಂದೂ ಬರದಂಥ ಕೂಗು ಬಂತು. ಇವತ್ತು ಹುಡುಗ ರಂಗೇರಿದ್ದಾನೆ ಎಂದುಕೊಂಡ ಅಕ್ಕ ಇನ್ನೂ ಜೋರಾಗಿ ಬಾರಿಸಿದಳು. ಗಡ್ಡ ತಗಡನ್ನು ಎತ್ತಿ ಎತ್ತಿ ಅಲ್ಲಾಡಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫ್ಯೂಸು ಹಾರಿ ಅವನು ನೆಲಕ್ಕೆ ಬಿದ್ದ ಮೇಲೆಯೇ ಸಂಗತಿ ತಿಳಿದದ್ದು.

ಬದುಕಿಕೊಂಡ. ಎಡಗೈಯ ಎರಡು ಬೆರಳು ಮಾತ್ರ ಮರಗಟ್ಟಿದವು. ಯಾರಾದರೂ ಕೇಳಿದರೆ, "ನಾನು ಹಾಡಿದ್ರಲ್ಲಿ ಅದೇ ಬೆಸ್ಟು" ಎಂದು ತಮಾಷೆ ಮಾಡುತ್ತಿದ್ದ. ಆ ದಿನದ ರೆಕಾರ್ಡಿಂಗು ಹೇಗೋ ಊರೂರು ಸುತ್ತಿ ಬ್ಯಾಂಡಿಗೆ ಹಿಂದೆಂದೂ ಇಲ್ಲದ ಹೆಸರು ಬಂತು. ಹಾಗಾಗಿಯೇ ಇವತ್ತು, ಅವನು ಮತ್ತೆ ವೇದಿಕೆ ಹತ್ತಿದ ಮೊದಲ ಸಂಜೆ, ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಕ್ಕ ಅವನ ಹೆಗಲನ್ನೇ ನೋಡುತ್ತ ಬಾರಿಸಿದಳು. ಹೆಗಲು ಸ್ವಲ್ಪ ಕುಣಿದರೂ ಅವಳ ಕೈ ತಪ್ಪುತ್ತಿತ್ತು. ಗಡ್ಡ ಒಮ್ಮೆ ಹುಬ್ಬು ಗಂಟಿಕ್ಕಿ ತಿರುಗಿ ನೋಡಿದ.

"ಆ ಕೂಗು ಹಾಕಪ್ಪಾ!" ಜನರ ನಡುವಿನಿಂದ ಯಾರೋ ಅರಚಿದರು. ಇನ್ನೂ ಹತ್ತು ಜನ ದನಿಗೂಡಿಸಿದರು.

ತಮ್ಮ ಮೈಕಿಗೆ ತುಟಿ ಹಚ್ಚಿದ. ಮೈ ಅದುರಿತು. ಅದೇ ಕೂಗು.

ಬೇಕೆಂದೇ ಮಾಡುತ್ತಿದ್ದಾನೆ, ಅವಳಿಗೆ ಗೊತ್ತು. ಆದರೆ ಆವತ್ತೂ ಗೊತ್ತು ಅಂದುಕೊಂಡಿದ್ದಳಲ್ಲ! ಕೋಲು ಬಿಸಾಕಿ, ಸ್ಟೂಲು ಉರುಳಿಸಿಕೊಂಡು ಗೋಡೆಯ ಕಡೆ ಓಡಿದವಳೇ ಪ್ಲಗ್ಗು ಕಿತ್ತಳು.

ಸದ್ದು ಒಮ್ಮೆಲೇ ನಿಂತಿತು. ತಮ್ಮ ತಿರುಗಿದ. ಅವನಿಗೆ ಏನೂ ಆಗಿರಲಿಲ್ಲ.

"ಏನಕ್ಕಾ ಇದು? ಸುಮ್ನೆ ಕೂಗಿದ್ದು. ಚೆನ್ನಾಗೇ ಇದೀನಲ್ಲ."

"ನಂಗೆ ಗೊತ್ತಾಗ್ಲಿಲ್ಲ ಕಣೋ."

ಅವನು ನಗಲು ಹೋದ, ಆಗಲಿಲ್ಲ. ಒಂದು ವರ್ಷ ಎಲ್ಲವನ್ನೂ ನಗೆಯಲ್ಲೇ ತೇಲಿಸಿದ್ದವನ ಕಣ್ಣು ತುಂಬಿದ್ದನ್ನು ಅವಳು ಮೊದಲ ಸಲ ನೋಡಿದಳು.

"ನಿಲ್ಸೋಕೆ ಬರತ್ತೆ ಹಂಗಾದ್ರೆ ನಿಂಗೆ," ಎಂದ. "ಆವತ್ತು ಯಾಕೆ ನಿಲ್ಲಿಸ್ಲಿಲ್ಲ?"

ಅವಳು ವೈರು ಹಿಡಿದೇ ನಿಂತಳು. ಸಭೆಯಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ. ಇದು ಹೊಸ ಹಾಡೆಂದು ತಿಳಿದು ಎಲ್ಲರೂ ಮೈಯೆಲ್ಲ ಕಿವಿಯಾಗಿ ಕೂತಿದ್ದರು, ಅವಳು ಏನು ಹೇಳುತ್ತಾಳೋ ಎಂದು.