ಮಾತು ಹೇಳಿಕೊಡುವವನು

ಹಂಡೆಯಿಂದ ಚೊಂಬಿಗೆ ಬಿಸಿನೀರು ತುಂಬಿಕೊಂಡು ಕೆಂಪಯ್ಯ ಅಣ್ಣ ಗಂಗಹನುಮಯ್ಯನ ಹೆಣದ ಮೇಲೆ ಹೊಯ್ಯಬೇಕೆನ್ನುವಷ್ಟರಲ್ಲಿ ಅತ್ತಿಗೆ ಸರಸಮ್ಮ ಅವನ ಕೈ ಹಿಡಿದುಕೊಂಡಳು. ಮೈ ತೊಳೆದರೆಂದರೆ ಮುಂದಿನದು ಗುಂಡಿಯೇ.

"ಹನುಮಕ್ಕ ಬರ್ಲಿ. ಅಪ್ಪನ ಮೊಕ ನೋಡ್ಕಳ್ಳಿ."

ಮಗಳಿಗೆ ಸುದ್ದಿ ಮುಟ್ಟಿಸಲು ಮೊದಲ ಬಸ್ಸಿಗೇ ಪಾವಗಡದ ಕಡೆಯ ಬಲಸಮುದ್ರಕ್ಕೆ ಆಳು ಹೋಗಿತ್ತು. ಅವಳು ಬಂದು ಮುಟ್ಟುವಷ್ಟರಲ್ಲಿ ಹೊತ್ತು ಇಳಿಯುವುದು ಖಂಡಿತ. ಆದರೆ ಹುಣಸೆಮರದಡಿ ನಾಟಕದ ಸಾಮಾನು ಹೇರಿಕೊಂಡ ವ್ಯಾನು ನಿಂತಿತ್ತು. ಬೆಂಗಳೂರಿನಲ್ಲಿ ವಾರವಿಡೀ ಸಾಹಿತ್ಯ, ಕಲೆಗಳ ಸಪ್ತಾಹ. ಮಧುಗಿರಿ ಸೀಮೆಯಿಂದ ಕರೆದದ್ದು ಇವರ ಊರಿನ ನಾಟಕವೊಂದನ್ನೇ. ಆಟ ಇವತ್ತೇ ಸಂಜೆ. ಊರಲ್ಲಿ ಹೆಣವಿಟ್ಟುಕೊಂಡು ಯಾರೂ ಬಣ್ಣ ಹಚ್ಚುವಂತಿಲ್ಲ, ಮಧ್ಯಾಹ್ನದೊಳಗೆ ಮಣ್ಣಾಗಬೇಕಿತ್ತು. ಸತ್ತವನ ಜಾಗಕ್ಕೆ ಕೊರಟಗೆರೆಯಲ್ಲಿ ಬೇರೊಬ್ಬನನ್ನು ಹತ್ತಿಸಿಕೊಳ್ಳುವ ಏರ್ಪಾಡೂ ಆಗಿತ್ತು.

ಸಾಯುವುದಕ್ಕೆ ಇನ್ನೊಂದು ದಿನ ತಡೆಯಬಾರದಿತ್ತೇ ಎಂದು ಯಾರೋ ಗೊಣಗಿದರು. ನೊಣ ಬೀಸುತ್ತಿದ್ದ ಪಕ್ಕದ ಮನೆಯ ಪಟಾಲಮ್ಮ ತಲೆಯೆತ್ತದೆ, "ನಿಮ್ ಡ್ರಾಮಾ ನೋಡ್ಕಂಡು ಸಾಯ್ಬೇಕಿತ್ತೇನ್ಲಾ ಅವ್ನು?" ಎಂದಳು.

*

ಗಂಗಹನುಮಯ್ಯ ಒಂದು ದಿನವೂ ರಂಗದ ಮೇಲೆ ಕಾಲಿಟ್ಟವನಲ್ಲ. ಸೈಡ್‌ವಿಂಗಿನ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವುದಷ್ಟೇ ಅವನ ಕೆಲಸ. ಒಮ್ಮೆ ಸಿರಾದಲ್ಲಿ, ರಾಜನ ಪಾತ್ರದ ಚಿಕ್ಕನರಸಯ್ಯ ಹೇಳಿಕೊಟ್ಟರೂ ಕೇಳಿಸದೆ ಕಕ್ಕಾಬಿಕ್ಕಿಯಾಗಿ ನಿಂತಾಗ, ಗಂಗಹನುಮಯ್ಯ ರಂಗದ ಪೆಟ್ರೋಮ್ಯಾಕ್ಸನ್ನೇ ಆರಿಸಿಬಿಟ್ಟ. ಕತ್ತಲಲ್ಲಿ ಮಾತೆಲ್ಲ ಹೇಳಿಕೊಟ್ಟು, ಮತ್ತೆ ಹಚ್ಚಿ, ದೀಪ ನೋಡಿಕೊಳ್ಳಲು ಬಾರದವನೆಂದು ಜನರಿಂದ ಬೈಸಿಕೊಂಡ.

ದೀಪಕ್ಕೇನಾಗಿತ್ತೆಂದು ಸರಸಮ್ಮ ಮನೆಯಲ್ಲಿ ಕೇಳಿದ್ದಳು.

"ಚಿಕ್ಕನರಸಯ್ಯನ ಹೆಂಡ್ತಿ ಮುಂದ್ಗಡೆನೇ ಕೂತಿದ್ಲು ಕಣೆ," ಎಂದಿದ್ದ.

*

ವ್ಯಾನಿನ ಹಾರನ್ನು ಕೂಗಿತು. ಸರಸಮ್ಮನನ್ನು ಒಪ್ಪಿಸಿ ಬಾ ಎಂದು ಎಲ್ಲರೂ ಚಿಕ್ಕನರಸಯ್ಯನನ್ನೇ ಮುಂದೆ ಕಳಿಸಿದರು. ಹೊಸ ಪಂಚೆ, ನುಣ್ಣಗೆ ಕೆರೆದ ಗಡ್ಡ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಪಕ್ಕ ನಿಂತು ಅವನು ಗಂಟಲು ಸರಿಮಾಡಿಕೊಂಡ.

"ಅತ್ತಿಗೆ, ಇದು ಊರಿನ ಮರ್ಯಾದೆ ಪ್ರಶ್ನೆ. ಅಣ್ಣ ಇದ್ದಿದ್ರೆ ಅವ್ರೇ..."

ಮಾತು ನಿಂತಿತು. ಚಿಕ್ಕನರಸಯ್ಯನ ಕತ್ತು ತನಗೆ ತಾನೇ ಎಡಕ್ಕೆ ವಾಲಿತು. ಕಿವಿ ಗಂಗಹನುಮಯ್ಯನ ಬಾಯಿಯ ಹತ್ತಿರ ಬಂತು. ಹಾಗೇ ನಿಂತ. ಅಂಗಳದಲ್ಲಿ ಯಾರೂ ನಗಲಿಲ್ಲ. ಹಾರನ್ನು ಮತ್ತೆ ಕೂಗಿತು.

ಸರಸಮ್ಮ ಮೆಲ್ಲಗೆ ಹೇಳಿದಳು: "ಹೇಳ್ಕೊಡಾಕೆ ಅವ್ರಿಲ್ಲ ಕಣಪ್ಪ. ನಿನ್ ಮಾತು ನೀನೇ ಹೇಳು."

ಅವನು ಸತ್ತವನ ಮುಖ ನೋಡಿದ.

"ಮಗ್ಳು ಬರ್ಲಿ, ಬುಡತ್ತಿಗೆ," ಎಂದ.

ಕೆಂಪಯ್ಯ ಚೊಂಬನ್ನು ಕೆಳಗಿಟ್ಟ. ಬೆಂಗಳೂರಿಗೆ ಏನು ಹೇಳುವುದೆಂದು ಒಬ್ಬ ಕೇಳಿದ. ಬಿಸಿಲು ಅಂಗಳ ದಾಟಿ ಹೆಣದ ಕಾಲಿನವರೆಗೆ ಬಂದಿತ್ತು. ಚಿಕ್ಕನರಸಯ್ಯ ವ್ಯಾನಿನ ಮೇಲೆ ಹತ್ತಿ ಹಗ್ಗ ಬಿಚ್ಚಿ, ಅರಮನೆಯ ಚಿತ್ರವಿದ್ದ ಪರದೆಯನ್ನು ಇಳಿಸಿದ. ಬಿದಿರುಗಳನ್ನು ನೆಟ್ಟು ಅದನ್ನು ಗಂಗಹನುಮಯ್ಯನ ಮೇಲೆ ಚಪ್ಪರದಂತೆ ಕಟ್ಟಿದರು. ಬಣ್ಣದ ಕಂಬಗಳೂ ಕಮಾನುಗಳೂ ಗಾಳಿಗೆ ಒಮ್ಮೆ ಉಬ್ಬಿ ಇಳಿದವು. ಒಂದು ಮೂಲೆಗೆ ಬಿದಿರು ಸಾಲಲಿಲ್ಲ. ಆ ತುದಿಯನ್ನು ಚಿಕ್ಕನರಸಯ್ಯ ಕೈಯೆತ್ತಿ ಹಿಡಿದು, ಪಾವಗಡದ ದಾರಿ ನೋಡುತ್ತ, ಬಿಸಿಲಲ್ಲಿ ನಿಂತುಕೊಂಡ.