ಭಾನುವಾರದ ಸೊನ್ನೆ

ಬಸವನಹುಳುವಿನ ಲೋಳೆ, ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ಡಿಎನ್ಎ ಚೂರು, ಒಂದೆಲಗದ ಸಾರ. ಕೊರಿಯಾದಿಂದ ಡಬ್ಬಗಳಲ್ಲಿ ಬರುವ ಇವನ್ನೆಲ್ಲ ಕಲಸಿ ಕ್ರೀಮ್ ಮಾಡುವ ಕಂಪನಿಯಲ್ಲಿ ನನಗೆ ಕೆಲಸ. ಮೊದಲ ದಿನ ಲೋಳೆಯ ಡಬ್ಬ ತೆರೆದಾಗ ಅದು ಚಮಚದಿಂದ ಸಿಂಬಳದ ಹಾಗೆ ಮೊಳದುದ್ದ ಇಳಿಯಿತು. ಮಧ್ಯಾಹ್ನದ ಊಟ ಮುಟ್ಟಲಾಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಲೋಳೆ ಚರ್ಮದಲ್ಲಿ ನೀರನ್ನು ಹಿಡಿದಿಡುತ್ತದೆ, ಡಿಎನ್ಎ ಚೂರುಗಳು ನೊಂದ ಜೀವಕೋಶಗಳನ್ನು ರಿಪೇರಿಗೆ ಎಬ್ಬಿಸುತ್ತವಂತೆ, ಒಂದೆಲಗ ಉರಿ ತಣಿಸುತ್ತದೆ. ಪಾಪ, ಆ ಹುಳುವನ್ನು ಕಂಡರೆ ನನಗೀಗ ಅಸಹ್ಯವಿಲ್ಲ. ಹೇಸಿಗೆಯಾಗುವುದು ಮ್ಯಾನೇಜರನ್ನು ಕಂಡರೆ. ಮೀನಿನ ವಾಸನೆ ಮುಚ್ಚಲು ಚರ್ಮ ಕೆರಳಿಸುವ ಗುಲಾಬಿ ಸೆಂಟು ಸುರಿದು, ಅದೇ ಡಬ್ಬಿಯ ಮೇಲೆ 'ಸೂಕ್ಷ್ಮ ಚರ್ಮಕ್ಕೆ' ಎಂದು ಬರೆಸುವ ಮನುಷ್ಯ ಅವರು.

ಹಾಗೆ ಬರೆಯಲು ಪರೀಕ್ಷೆ ಬೇಕು. ಇಪ್ಪತ್ತು ಜನರ ಬೆನ್ನಿಗೆ ಬುಧವಾರ ಕ್ರೀಮಿನ ಪಟ್ಟಿ ಅಂಟಿಸುತ್ತೇನೆ, ಶುಕ್ರವಾರ ಕಿತ್ತು ನೋಡುತ್ತೇನೆ. ಕೆಲವರ ಚರ್ಮ ತಡವಾಗಿ ಕೆರಳುವುದರಿಂದ ಭಾನುವಾರ ಇನ್ನೊಮ್ಮೆ ನೋಡಬೇಕು. ಆದರೆ ಭಾನುವಾರ ರಜೆ. ಆದ್ದರಿಂದ ಶುಕ್ರವಾರವೇ ಎರಡೂ ದಿನದ ಕಾಲಂ ತುಂಬಿಬಿಡುವುದು ನಮ್ಮಲ್ಲಿ ರೂಢಿ. ಚರ್ಮಕ್ಕೆ ಏನೂ ಆಗಿಲ್ಲ ಎಂದರೆ ಸೊನ್ನೆ. ಸೊನ್ನೆ, ಸೊನ್ನೆ. ಮೂರು ವರ್ಷದಿಂದ ಕೋಲೆ ಬಸವನ ಹಾಗೆ ತಲೆಯಾಡಿಸುತ್ತ ಆ ಸೊನ್ನೆ ಸುತ್ತಿ ತಿಪ್ಪೆ ಸಾರಿಸಿದವಳು ನಾನೇ.

ಈ ಸಲ ಒಬ್ಬರು ಕಡಿಮೆ ಬಿದ್ದರು. ಅತ್ತೆಯನ್ನು ಕರೆದೊಯ್ದೆ. ಸೂಕ್ಷ್ಮ ಚರ್ಮದವರೇ ಬೇಕಿತ್ತಲ್ಲ, ಸೋಪು ಬದಲಾದರೆ ಸಾಕು, ಅವರ ಮುಖ ಕೆಂಪಾಗಿ ಉರಿಯುತ್ತದೆ.

"ಏನಿರುತ್ತೆ ಅದರಲ್ಲಿ?" ಎಂದು ಕೇಳಿದರು.

"ಸೊಪ್ಪಿನ ರಸ ಅತ್ತೆ," ಎಂದೆ. ಹುಳುವಿನ ಸುದ್ದಿ ಎತ್ತಲಿಲ್ಲ.

ಶುಕ್ರವಾರ ಅವರ ಬೆನ್ನು ಚೊಕ್ಕವಾಗಿತ್ತು. ಸೊನ್ನೆ, ಸೊನ್ನೆ.

ಭಾನುವಾರ ಬೆಳಿಗ್ಗೆ ಬಚ್ಚಲಿನಿಂದ ಕರೆದರು. "ಸ್ವಲ್ಪ ಇಲ್ಲಿ ಬಾಮ್ಮ. ಬೆನ್ನಲ್ಲಿ ಏನೋ ಕಡೀತಿದೆ."

ಪಟ್ಟಿ ಇದ್ದ ಚೌಕದ ತುಂಬ ಕೆಂಪು ಗುಳ್ಳೆ. ಒಡೆದು ನೀರು ಜಿನುಗಿ ಬಟ್ಟೆ ಅಂಟಿಕೊಂಡಿತ್ತು. ನನಗೆ ಹೇಸಿಗೆಯಾಯಿತು, ಗುಳ್ಳೆ ಕಂಡಲ್ಲ, ನನ್ನ ಸೊನ್ನೆ ನೆನಪಾಗಿ.

ಮ್ಯಾನೇಜರಿಗೆ ಫೋನ್ ಮಾಡಿದೆ. "ನಿಮ್ಮತ್ತೆ ಹೆಸರು ತೆಗೆದುಬಿಡಿ, ಬೇರೆ ಯಾರನ್ನಾದ್ರೂ ಹಾಕಿದ್ರಾಯ್ತು. ನಾಳೆ ಲೇಬಲ್ ಅಚ್ಚಿಗೆ ಹೋಗ್ಬೇಕು," ಎಂದರು. ಏನನ್ನೋ ಚಪ್ಪರಿಸುತ್ತಲೇ ಫೋನ್ ಇಟ್ಟರು.

ಅತ್ತೆ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಹುಳು, ಮೀನು, ಸೊನ್ನೆ, ಎಲ್ಲ ಹೇಳಿಬಿಟ್ಟೆ. ಮೀನಿನ ಮಾತು ಬಂದಾಗ ಮುಖ ಕಿವುಚಿದರು. ಸೊನ್ನೆಯ ಮಾತು ಬಂದಾಗ ಅದೇ ಮುಖದಲ್ಲಿ ನನ್ನನ್ನು ನೋಡಿದರು.

"ಉಳಿದವರ ಬೆನ್ನು ಯಾರು ನೋಡಿದ್ರು?"

"ಯಾರೂ ನೋಡಿಲ್ಲ."

"ಫೋನ್ ಕೈಲೇ ಇದೆಯಲ್ಲ."

ಒಬ್ಬೊಬ್ಬರಿಗೇ ಮಾಡತೊಡಗಿದೆ. ಮೊದಲ ಮೂವರು ಏನೂ ಆಗಿಲ್ಲ ಎಂದರು, ನನಗೆ ಸ್ವಲ್ಪ ಜೀವ ಬಂತು. ನಾಲ್ಕನೆಯವರು ಹೊಲಿಗೆ ಕೆಲಸದಾಕೆ, ಮೂರು ವರ್ಷದಿಂದ ನಮ್ಮ ಪ್ರತಿ ಪರೀಕ್ಷೆಗೂ ತಪ್ಪದೆ ಬರುವವರು.

"ಬೆನ್ನಲ್ಲಿ ಗುಳ್ಳೆ ಏನಾದ್ರೂ ಎದ್ದಿದೆಯಾ?"

"ಎದ್ದಿದೆಯಮ್ಮ," ಎಂದರು, ಹವಾಮಾನ ಹೇಳುವವರ ಹಾಗೆ. "ಭಾನುವಾರ ಯಾವಾಗ್ಲೂ ಏಳುತ್ತೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."